ನೂರಾ ಐವತ್ಮೂರನೆಯ ಕೀರ್ತನೆ

ನಿಪ್ಪಾಣಿ
12 ಜೂನ್ 2023

ಮಗಳು ಸುಜಾತಾಳಿಗೆ ಚಿಗವ್ವ ಮಾರ್ಥವ್ವ ಕರ್ತನ ಹೆಸರಿನಲ್ಲಿ ಹೇಳುವ ಸಲಾಮು.

ಫೋನಿದ್ದೂ ಕಾಗದವೇಕೆ ಎಂದು ನಿನ್ನ ಗಂಡ ಲಕ್ಷ್ಮಣ ನಗುತ್ತಿರಬೇಕು. ನಗಲಿ. ಫೋನಿನಲ್ಲಿ ನೀನು ‘ಆರಾಮ ಅದೀನಿ, ಊಟ ಆತು’ ಎನ್ನುತ್ತೀ, ನಾನು ‘ನಂದೂ ಆತು’ ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯಿತು. ಕೂತು ಬರೆಯುವಾಗ ಹಾಗಲ್ಲ. ಸುಳ್ಳು ಬರೆಯಲು ಕೈ ಏಳುವುದಿಲ್ಲ.

ನನ್ನಕ್ಕ, ನಿನ್ನವ್ವ, ಸತ್ತಾಗ ನಿನಗೆ ಏಳು ವರ್ಷ. ಅಂದಿನಿಂದ ಮೊನ್ನೆ ಮದುವೆಯ ತನಕ ನಾವಿಬ್ಬರೂ ಒಂದು ದಿನವೂ ಬೆಳಗಿನ ಪ್ರಾರ್ಥನೆ ತಪ್ಪಿಸಿಲ್ಲ. ಬೀಡಿ ಎಲೆಯನ್ನು ನೀರಿನಲ್ಲಿ ನೆನೆಯಲಿಟ್ಟು, ಅದು ಮೆತ್ತಗಾಗುವಷ್ಟರಲ್ಲಿ ಸತ್ಯವೇದದ ಒಂದು ಕೀರ್ತನೆ ಓದಿ, ಕಣ್ಣು ಮುಚ್ಚಿ ನಾಲ್ಕು ಮಾತು ಆಡಿ ಏಳುತ್ತಿದ್ದೆವು. ಈಗ ನೀನು ಚಿಂಚಲಿಯಲ್ಲಿ, ಕುರಿ ಕಾಯುವವರ ಮನೆಯ ಸೊಸೆ. ಮನೆಯಲ್ಲಿ ಯೇಸುವಿನ ಹೆಸರು ಹೇಳುವವಳು ನೀನೊಬ್ಬಳೇ. ಈ ಮದುವೆ ಬೇಡ ಎಂದು ಚರ್ಚಿನ ಸಭೆಯವರೆಲ್ಲ ಹೇಳಿದಾಗ, ‘ನನ್ನ ಹುಡುಗಿ ಎಲ್ಲೇ ಇದ್ದರೂ ವಿಶ್ವಾಸ ಬಿಡುವವಳಲ್ಲ’ ಎಂದು ಪಾಸ್ಟರ ಮುಂದೆ ಜಾಮೀನು ನಿಂತವಳು ನಾನು. ಅದು ನಿನಗೆ ನೆನಪಿರಲಿ.

ಬಸ್ ಹತ್ತುವಾಗ ಒಪ್ಪಿಕೊಂಡದ್ದನ್ನು ಮತ್ತೆ ಬರೆಯುತ್ತೇನೆ. ಜೂನ್ ಒಂದರಿಂದ ದಿನಕ್ಕೊಂದು ಕೀರ್ತನೆ, ಬೆಳಿಗ್ಗೆ ಐದೂವರೆಗೆ. ನೀನು ಅಲ್ಲಿ, ನಾನು ಇಲ್ಲಿ, ಇಬ್ಬರೂ ಅದನ್ನೇ ಓದುವುದು. ಇವತ್ತು ಹನ್ನೆರಡನೆಯದು. ಲೆಕ್ಕ ತಪ್ಪಬಾರದೆಂದು ನಾನು ದಿನಾ ಗೋಡೆಗೆ ಸುಣ್ಣದ ಕಡ್ಡಿಯಿಂದ ಒಂದು ಗೀರು ಎಳೆಯುತ್ತಿದ್ದೇನೆ. ಅತ್ತೆಗೆ ನನ್ನ ನಮಸ್ಕಾರ ಹೇಳು.

ಮಾರ್ಥವ್ವ


ಚಿಂಚಲಿ
3 ಜುಲೈ 2023

ಪ್ರೀತಿಯ ಚಿಗವ್ವ, ನಿನ್ನ ಸುಜಾತಾಳ ವಂದನೆ.

ತಡವಾಗಿದ್ದಕ್ಕೆ ಬಯ್ಯಬೇಡ. ಉಪಕೇಂದ್ರದಲ್ಲಿ ನಾನೊಬ್ಬಳೇ ನರ್ಸ್. ಮನೆಮನೆಗೆ ಹೋಗಿ ಚುಚ್ಚುಮದ್ದು ಹಾಕಿ ಬರುವಷ್ಟರಲ್ಲಿ ಕಾಲು ನನ್ನವಲ್ಲ ಅನಿಸಿರುತ್ತದೆ. ಊರೆಲ್ಲ ‘ನರ್ಸಬಾಯಿ’ ಎನ್ನುತ್ತದೆ. ಅತ್ತೆಯೂ ನಾಲ್ಕು ಜನರ ಮುಂದೆ ಹಾಗೇ ಕರೆಯುತ್ತಾರೆ, ಅದರಲ್ಲಿ ಅವರಿಗೆ ದೊಡ್ಡಸ್ತಿಕೆ.

ಅತ್ತೆ ಸಕ್ಕುಬಾಯಿ ಐದಕ್ಕೇ ಏಳುತ್ತಾರೆ. ಕಸ ಹೊಡೆದು, ಸ್ನಾನ ಮಾಡಿ, ದೇವರ ಜಗಲಿಯ ಮುಂದೆ ನಿಂತು ಬೀರದೇವರ ಜೊತೆ ಜಗಳ ತೆಗೆಯುತ್ತಾರೆ. ‘ಮೂರು ಮರಿಗೆ ಕಾಲ್ಬ್ಯಾನಿ ಬಂದೈತಿ. ನೀ ಏನ ಮಾಡಾಕತ್ತೀಯೋ ಯಪ್ಪಾ?’ ಎಂದು ಒಂದು ದಿನ ಕೇಳಿದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವಂತಿಲ್ಲ. ನನ್ನನ್ನು ಇದುವರೆಗೆ ಜಗಲಿಯ ಹತ್ತಿರ ಬಾ ಎಂದೂ ಕರೆದಿಲ್ಲ, ದೂರ ಇರು ಎಂದೂ ಹೇಳಿಲ್ಲ.

ಕೀರ್ತನೆ ಓದುತ್ತಿದ್ದೇನೆ. ಇವತ್ತು ಮೂವತ್ಮೂರನೆಯದು. ಎಲ್ಲವೂ ಚೆನ್ನಾಗಿವೆ.

ಸುಜಾತಾ


ನಿಪ್ಪಾಣಿ
22 ಆಗಸ್ಟ್ 2023

ಮಗಳೇ,

‘ಎಲ್ಲವೂ ಚೆನ್ನಾಗಿವೆ’ ಎಂದರೇನು? ಅದು ಮದುವೆ ಊಟ ಮಾಡಿ ಕೈ ತೊಳೆಯುವಾಗ ಹೇಳುವ ಮಾತು. ಕೀರ್ತನೆಗಳಲ್ಲಿ ಅರ್ಧ ಅಳುವವು, ಕಾಲು ಭಾಗ ದೇವರನ್ನೇ ತರಾಟೆಗೆ ತೆಗೆದುಕೊಳ್ಳುವವು. ಅವು ಚೆನ್ನಾಗಿರಲು ಬರೆದವಲ್ಲ. ಯಾವ ಸಾಲಿನಲ್ಲಿ ನಿನ್ನ ಬೆರಳು ನಿಂತಿತು, ಅದನ್ನು ಬರೆ.

ಒಂದು ದಿನ ತಪ್ಪಿದರೆ ಮರುದಿನ ಎರಡು ಓದಿ ಸರಿದೂಗಿಸಲು ಹೋಗಬೇಡ. ನಿನ್ನೆಯ ರೊಟ್ಟಿ ಸೇರಿಸಿ ಇವತ್ತು ಇಮ್ಮಡಿ ತಿಂದರೆ ಹೊಟ್ಟೆ ಕೆಡುತ್ತದೆ ಅಷ್ಟೇ. ಇವತ್ತಿನದನ್ನು ಇವತ್ತು ಓದು. ಪ್ರಾರ್ಥನೆಗೆ ಮಾತು ಬಾರದಿದ್ದರೆ ಸುಮ್ಮನೆ ಕೂಡು, ಆದರೆ ಎದ್ದು ಹೋಗಬೇಡ. ಇದನ್ನೇ ನಮ್ಮ ಮಹಿಳಾ ಕೂಟದಲ್ಲಿ ವಾರವಾರ ಹೇಳುತ್ತೇನೆ. ಓದದೆ ಬರುವವರಿಗೆ ನನ್ನ ಕೈಯಲ್ಲಿ ಮಂಗಳಾರತಿ ತಪ್ಪಿದ್ದಲ್ಲ. ತಾರವ್ವ ಮೊನ್ನೆ ಓದದೇ ಬಂದು ಮೂಲೆಯಲ್ಲಿ ಕೂತಿದ್ದಳು, ಎಬ್ಬಿಸಿ ಮುಂದೆ ಕೂರಿಸಿದೆ.

ಬೀಡಿ ಕಟ್ಟುವಾಗ ಒಂದು ಕಟ್ಟಿಗೆ ಒಬ್ಬರ ಹೆಸರು ಹಿಡಿದು ಬೇಡಿಕೊಳ್ಳುವುದು ನನ್ನ ಹಳೆಯ ರೂಢಿ, ನಿನಗೆ ಗೊತ್ತು. ಬೆಳಗಿನ ಮೊದಲ ಕಟ್ಟು ನಿನ್ನ ಹೆಸರಿನದು. ಇತ್ತೀಚೆಗೆ ಎರಡನೆಯದು ನಿನ್ನ ಅತ್ತೆಯ ಕುರಿಮರಿಗಳದ್ದು.

ಇವತ್ತು ಎಂಬತ್ಮೂರು.

ಮಾರ್ಥವ್ವ


ಚಿಂಚಲಿ
25 ಸೆಪ್ಟೆಂಬರ್ 2023

ಚಿಗವ್ವ,

ಊರಲ್ಲಿ ಜ್ವರ ಎದ್ದಿದೆ, ಮನೆಮನೆ ಸರ್ವೆ ನಡೆದಿದೆ. ಜಾಸ್ತಿ ಬರೆಯಲು ಆಗುತ್ತಿಲ್ಲ. ಇವತ್ತು ನೂರಾ ಹದಿನೇಳನೆಯ ಕೀರ್ತನೆ. ಬಹಳ ಉದ್ದ ಇತ್ತು, ಓದಿ ಮುಗಿಸುವಷ್ಟರಲ್ಲಿ ಹೊತ್ತೇರಿತು. ಸಮಾಧಾನ ಸಿಕ್ಕಿತು.

ನಿನ್ನ ಆರೋಗ್ಯ ನೋಡಿಕೊ.

ಸುಜಾತಾ


ನಿಪ್ಪಾಣಿ
1 ನವೆಂಬರ್ 2023

ಮಗಳೇ,

ನಾನು ಆರಾಮ. ಊಟ ಆಯಿತು. ಊರಲ್ಲಿ ಚಳಿ ಶುರುವಾಗಿದೆ.

ನಿನ್ನೆ ನೂರಾ ಐವತ್ಮೂರನೆಯ ಕೀರ್ತನೆ ಓದಿದೆ. ಬಹಳ ಬಲ ಬಂತು. ನೀನೂ ಓದಿರುತ್ತೀ.

ಮಾರ್ಥವ್ವ


ಚಿಂಚಲಿ
14 ನವೆಂಬರ್ 2023

ಚಿಗವ್ವ,

ನಿನ್ನ ಕಾಗದ ನೋಡಿ ಇಬ್ಬರೂ ನಕ್ಕೆವು. ಒಂದೊಂದು ಅಕ್ಷರ ಹುಣಸೆಬೀಜದಷ್ಟು ದಪ್ಪ, ಸಾಲುಗಳು ಕುರಿಹಿಂಡು ಚದುರಿದ ಹಾಗೆ. ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸಲು ಹೊರಟಿದ್ದೀಯಾ ಎಂದು ಇವರು ಕೇಳುತ್ತಿದ್ದಾರೆ.

ಹೌದು, ನೂರಾ ಐವತ್ಮೂರನೆಯದು ನಾನೂ ಓದಿದೆ. ನೀನು ಹೇಳಿದ ಹಾಗೆ ಬಹಳ ಬಲ ಬಂತು.

ಸುಜಾತಾ


ಚಿಂಚಲಿ
9 ಡಿಸೆಂಬರ್ 2023

ಚಿಗವ್ವ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ, ತಡ ಮಾಡಿದರೆ ಧೈರ್ಯ ಹೋಗುತ್ತದೆ.

ಮೊನ್ನೆ ಅತ್ತೆ ಕಂಬಳಿ ಹುಡುಕುತ್ತ ನನ್ನ ಟ್ರಂಕು ತೆಗೆದರು. ಸೀರೆಗಳ ಕೆಳಗೆ ಸತ್ಯವೇದ ಸಿಕ್ಕಿತು. ನಾನು ಡ್ಯೂಟಿಯಿಂದ ಬಂದು ನೋಡುತ್ತೇನೆ, ಪಡಸಾಲೆಯ ಗೋಡೆಯ ಮಾಡದೊಳಗಿನ ಸಾಮಾನು ತೆಗೆದು, ಸಾರಿಸಿ, ಹೊಸ ಬಟ್ಟೆ ಹಾಸಿ, ಅದರ ಮೇಲೆ ಪುಸ್ತಕ ಇಟ್ಟಿದ್ದಾರೆ. ರಟ್ಟಿಗೆ ಅರಿಷಿಣ, ಕುಂಕುಮ. ಮೇಲೊಂದು ಚೆಂಡುಹೂವು.

‘ದೇವರ ಪುಸ್ತಕ ಸೀರಿ ಬುಡಕ ಇಡತಾರೇನ ಬೇ? ಅಷ್ಟೂ ತಿಳಿಯೂದಿಲ್ಲ?’ ಎಂದು ನನಗೇ ಬಯ್ದರು.

‘ನಮ್ಮಲ್ಲೆ ಕುಂಕುಮ ಹಚ್ಚೂದಿಲ್ರಿ ಅತ್ತಿ.’

‘ಮತ್ತೇನ ಮಾಡತೀರಿ?’

‘ಓದತೀವ್ರಿ.’

‘ಹಂಗಾರ ಓದು’ ಎಂದು ನೆಲಕ್ಕೆ ಕೂತೇಬಿಟ್ಟರು. ‘ನಿಮ್ಮ ಚಿಗವ್ವ ಬರದಾಳಲ್ಲ, ಬಲ ಬಂತು ಅಂತ. ಅದನ್ನ ಓದು. ನನಗೂ ಮಣಕಾಲಾಗ ಬಲ ಇಲ್ಲ.’

ಹುಡುಕಿದೆ. ನೂರಾ ಐವತ್ತಕ್ಕೆ ಕೀರ್ತನೆಗಳು ಮುಗಿದಿದ್ದವು. ಮುಂದಿನ ಹಾಳೆಯಲ್ಲಿ ಬೇರೆ ಭಾಗ. ನೂರಾ ಐವತ್ಮೂರು ಎಂಬುದೇ ಇಲ್ಲ ಚಿಗವ್ವ. ಇಲ್ಲದ ಕೀರ್ತನೆಯಿಂದ ನಾನು ಬಲ ಪಡೆದಿದ್ದೆ. ನೂರಾ ಹದಿನೇಳನ್ನೂ ತೆಗೆದು ನೋಡಿದೆ. ಉದ್ದ ಇತ್ತು ಎಂದು ಬರೆದಿದ್ದೆನಲ್ಲ, ಅದು ಎಲ್ಲಕ್ಕಿಂತ ಚಿಕ್ಕದು, ಬರೀ ಎರಡು ವಚನ.

ನಾನು ಜೂನ್ ಹತ್ತರಿಂದ ಓದಿಲ್ಲ. ದೊಡ್ಡ ಕಾರಣವೇನೂ ಇಲ್ಲ. ಯಾರೂ ತಡೆಯಲಿಲ್ಲ, ದೇವರ ಮೇಲೆ ಸಿಟ್ಟೂ ಇರಲಿಲ್ಲ. ಒಂದು ದಿನ ಸುಸ್ತಾಗಿ ಮಲಗಿಬಿಟ್ಟೆ. ಮರುದಿನ ಅತ್ತೆಯ ಮುಂದೆ ಪುಸ್ತಕ ತೆಗೆಯಲು ಸಂಕೋಚ. ಮೂರನೆಯ ದಿನ ತಪ್ಪಿಸಿದೆನಲ್ಲ ಎಂಬ ನಾಚಿಕೆ. ಆಮೇಲೆ ನೆನಪಾದಾಗಲೆಲ್ಲ ಟ್ರಂಕಿನ ಕಡೆ ನೋಡುವುದನ್ನೇ ಬಿಟ್ಟೆ. ಪ್ರಾರ್ಥನೆ ಅಷ್ಟು ಸುಲಭವಾಗಿ ಬಿಟ್ಟು ಹೋಯಿತಲ್ಲ ಎಂದು ಈಗ ಹೆದರಿಕೆಯಾಗುತ್ತಿದೆ.

ಆದರೆ ಚಿಗವ್ವ, ನೀನೂ ಓದುತ್ತಿಲ್ಲ ಅಲ್ಲವೇ? ಓದುವವಳು ನೂರಾ ಐವತ್ಮೂರು ಎಂದು ಬರೆಯುವುದಿಲ್ಲ. ನಾವಿಬ್ಬರೂ ಕಳ್ಳರೇ. ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ನನ್ನ ಜೊತೆ ನೀನೂ ಇದ್ದೀಯೆಂದರೆ ಮತ್ತೆ ಶುರು ಮಾಡಲು ಧೈರ್ಯ ಬರುತ್ತದೆ. ಏನಾಗಿದೆ ಹೇಳು.

ಸುಜಾತಾ


ನಿಪ್ಪಾಣಿ
20 ಡಿಸೆಂಬರ್ 2023

ಸುಜಾತಾ,

ಕಳ್ಳಿ ನೀನು, ನಾನಲ್ಲ. ನೂರಾ ಐವತ್ಮೂರು ಎಂದು ನಾನು ಬೇಕೆಂದೇ ಬರೆದೆ, ನಿನ್ನನ್ನು ಪರೀಕ್ಷೆ ಮಾಡಲು. ಶಿಷ್ಯರ ಬಲೆಗೆ ನೂರಾ ಐವತ್ಮೂರು ಮೀನು ಬಿದ್ದ ಸಂಗತಿ ಸಂಡೇ ಸ್ಕೂಲಿನಲ್ಲಿ ಕಲಿತಿದ್ದೀಯಲ್ಲ. ಹಾಗೆ ನೀನೂ ಬಿದ್ದೆ.

ಸತ್ಯವೇದಕ್ಕೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದೀಯಾ. ಪಾಸ್ಟರಿಗೆ ನಾನು ಏನು ಮುಖ ತೋರಿಸಲಿ?

ಮಾರ್ಥವ್ವ


ನಿಪ್ಪಾಣಿ
18 ಜನವರಿ 2024

ಸುಜಾತಾ,

ಕ್ರಿಸ್ಮಸ್ ಹೋಯಿತು, ಹೊಸ ವರ್ಷ ಹೋಯಿತು, ಸಂಕ್ರಾಂತಿಯೂ ಹೋಯಿತು. ಚಿಂಚಲಿಯ ಅಂಚೆಯವನ ಸೈಕಲ್ ಪಂಕ್ಚರ್ ಆಗಿರಬೇಕು. ಫೋನು ಹಚ್ಚಿದರೆ ಲಕ್ಷ್ಮಣ ಎತ್ತಿ ‘ಡ್ಯೂಟಿಗೆ ಹೋಗ್ಯಾಳ್ರಿ’ ಎನ್ನುತ್ತಾನೆ. ರವಿವಾರವೂ ಡ್ಯೂಟಿಯೇ?

ಎರಡು ಸಾಲು ಬರೆ.

ಮಾರ್ಥವ್ವ


ನಿಪ್ಪಾಣಿ
8 ಫೆಬ್ರವರಿ 2024

ನನ್ನ ಮಗಳೇ,

ಈ ಕಾಗದ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಬೀಡಿ ಎಲೆ ಅಳೆದು ಕತ್ತರಿಸುವ ತಗಡನ್ನು ಹಾಳೆಯ ಮೇಲಿಟ್ಟು, ಅದರ ಅಂಚಿಗೆ ಬೆರಳು ಹಿಡಿದು ಬರೆಯುತ್ತಿದ್ದೇನೆ. ಎರಡೂ ಕಣ್ಣಿಗೆ ಪೊರೆ ಬೆಳೆದು ಮೋತಿಬಿಂದು ಆಗಿದೆ. ಗಣಪತಿ ಹಬ್ಬದಿಂದ ಅಕ್ಷರ ಕಾಣುತ್ತಿಲ್ಲ. ಬೀಡಿ ಕಟ್ಟಲು ಕಣ್ಣು ಬೇಕಿಲ್ಲ, ಬೆರಳಿಗೆ ಗೊತ್ತಿದೆ. ಅದಕ್ಕೇ ಯಾರಿಗೂ ತಿಳಿಯಲಿಲ್ಲ.

ಪರೀಕ್ಷೆ ಎಂದು ಬರೆದದ್ದು ಸುಳ್ಳು. ನಿನ್ನ ಕಾಗದಗಳನ್ನು ಪಕ್ಕದ ಮನೆಯ ಸಪನಾ ಓದಿ ಹೇಳುತ್ತಾಳೆ. ಡಿಸೆಂಬರಿನ ಕಾಗದ ಬಂದಾಗ ಅಂಗಳದಲ್ಲಿ ಕೂಟದ ಹೆಂಗಸರೆಲ್ಲ ಬೀಡಿ ಕಟ್ಟುತ್ತ ಕೂತಿದ್ದರು. ಅವಳು ಗಟ್ಟಿಯಾಗಿ ಓದಿಬಿಟ್ಟಳು. ‘ನೀನೂ ಓದುತ್ತಿಲ್ಲ ಅಲ್ಲವೇ’ ಎಂಬ ಮಾತು ಬಂದಾಗ ಎಲ್ಲರ ಕೈಗಳೂ ನಿಂತವು. ಓದದೆ ಬಂದವರನ್ನು ಎಬ್ಬಿಸಿ ಮುಂದೆ ಕೂರಿಸುವವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಗುತ್ತಾರೆಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ‘ಅದು ಪರೀಕ್ಷಾ ಮಾಡಾಕ ಬರದದ್ದು.’ ಒಮ್ಮೆ ಅಂದಮೇಲೆ ನಿನಗೂ ಅದನ್ನೇ ಬರೆದೆ.

ನಿಜ ಏನೆಂದರೆ, ಬೆಳಿಗ್ಗೆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಬಾಯಿಪಾಠ ಬರುವ ನಾಲ್ಕಾರು ಕೀರ್ತನೆ ಹೇಳುತ್ತಿದ್ದೆ. ಅವು ಮುಗಿದ ಮೇಲೆ ನನ್ನಲ್ಲಿ ಏನೂ ಇರಲಿಲ್ಲ. ಐವತ್ತು ವರ್ಷ ಓದಿದವಳಿಗೆ ಪುಸ್ತಕ ಮುಚ್ಚಿದರೆ ದೇವರ ಜೊತೆ ಆಡಲು ನಾಲ್ಕು ಮಾತು ಇಲ್ಲವಲ್ಲ ಎಂದು ಬಹಳ ಭಯವಾಯಿತು. ಆದರೂ ಗೋಡೆಗೆ ಗೀರು ಎಳೆಯುವುದು ಬಿಡಲಿಲ್ಲ. ಸಪನಾಳಿಗೆ ಎಣಿಸಲು ಹೇಳಿದೆ, ನೂರಾ ಐವತ್ಮೂರು ಎಂದಳು, ಹಾಗೇ ಬರೆದೆ. ನೂರಾ ಐವತ್ತಕ್ಕೆ ಮುಗಿಯುತ್ತವೆಂದು ಗೊತ್ತಿದ್ದೂ, ಬರೀ ಗೀರು ಎಳೆಯುವವಳಿಗೆ ಅದು ಹೇಗೆ ಹೊಳೆಯಬೇಕು?

ಇನ್ನೊಂದು ಇದೆ. ನೂರಾ ಹದಿನೇಳು ಉದ್ದ ಇತ್ತು ಎಂದು ನೀನು ಬರೆದ ದಿನವೇ ನೀನು ಓದುತ್ತಿಲ್ಲವೆಂದು ನನಗೆ ತಿಳಿಯಿತು. ಸುಮ್ಮನಿದ್ದೆ. ನಾನು ನಿನ್ನನ್ನು ಕೇಳಿದರೆ ನೀನು ನನ್ನನ್ನು ಕೇಳುತ್ತೀ ಎಂಬ ಅಂಜಿಕೆ. ನಿನ್ನನ್ನು ಹಾಗೇ ಬಿಟ್ಟುಬಿಟ್ಟೆ ಮಗಳೇ. ನಾನು ಮಾಡಬೇಕಾದ ಕೆಲಸವನ್ನು ಸಕ್ಕುಬಾಯಿ ಮಾಡಿದಳು, ಪುಸ್ತಕವನ್ನು ಟ್ರಂಕಿನಿಂದ ಹೊರಗೆ ತೆಗೆದಳು. ಆಕೆ ಹಚ್ಚಿದ ಕುಂಕುಮ ಒರೆಸಿದರೆ ಹೋಗುತ್ತದೆ. ನೀನು ಒಂದು ಹೆಜ್ಜೆ ಎತ್ತಿಟ್ಟಾಗ ನಾನು ನಿನ್ನ ಕಾಲಿಗೆ ಬಲೆ ಹಾಕಿದ್ದು ಒರೆಸಿದರೆ ಹೋಗುವಂಥದ್ದಲ್ಲ.

ನನ್ನನ್ನು ಕ್ಷಮಿಸು. ನನ್ನ ಮೇಲಿನ ಸಿಟ್ಟಿಗೆ ಪ್ರಾರ್ಥನೆ ಬಿಡಬೇಡ.

ಮಾರ್ಥವ್ವ


ಚಿಂಚಲಿ
16 ಫೆಬ್ರವರಿ 2024

ಚಿಗವ್ವ,

ನಿನ್ನ ಕಾಗದ ಓದಿ ನನಗೆ ಅಳು ಬಂತು. ಈ ವರ್ಷ ಮೋತಿಬಿಂದು ಬಂದ ಹದಿನಾಲ್ಕು ಜನರನ್ನು ನಾನೇ ಗುರುತಿಸಿ ಕಣ್ಣಿನ ಶಿಬಿರಕ್ಕೆ ಕಳಿಸಿದ್ದೇನೆ. ನನ್ನ ಮನೆಯವಳ ಅಕ್ಷರ ಹುಣಸೆಬೀಜವಾದಾಗ ಕೂತು ನಕ್ಕೆ. ನನ್ನನ್ನೂ ಕ್ಷಮಿಸು.

ಡಿಸೆಂಬರಿನಲ್ಲಿ ನಿನ್ನ ಕಾಗದ ಬಂದ ಮೇಲೆ ಪುಸ್ತಕವನ್ನು ಮತ್ತೆ ಟ್ರಂಕಿಗೆ ಹಾಕಿದ್ದೆ. ದೇವರೂ ಹೀಗೇ ಬಲೆ ಹಿಡಿದು ಕೂತಿದ್ದಾನೆ ಅನಿಸಿತ್ತು. ಗೋಡೆಯ ಮಾಡ ಖಾಲಿಯಾದದ್ದು ನೋಡಿ ಅತ್ತೆ ದಿನಾ ಕೇಳುತ್ತಿದ್ದರು. ಒಂದು ದಿನ ‘ಚಿಗವ್ವ ಸಿಟ್ಟಾಗ್ಯಾಳ್ರಿ’ ಎಂದೆ. ‘ಸಿಟ್ಟು ಚಿಗವ್ವಗ ಬಂದೈತಿ. ದೇವರಿಗೆ ಬಂದೈತೇನ?’ ಎಂದರು.

ನಿನ್ನ ಕಾಗದ ಬಂದ ಮರುದಿನ ಐದೂವರೆಗೆ ಪುಸ್ತಕ ತೆಗೆದು ಒಂದನೆಯ ಕೀರ್ತನೆ ಓದಿದೆ. ಏನೂ ಅನಿಸಲಿಲ್ಲ. ಕಣ್ಣು ಮುಚ್ಚಿದೆ, ಮಾತು ಬರಲಿಲ್ಲ. ಎದ್ದು ಹೋಗಬೇಡ ಎಂದು ನೀನು ಬರೆದಿದ್ದೆಯಲ್ಲ, ಹಾಗೇ ಕೂತೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ‘ನಮ್ಮ ಚಿಗವ್ವನ ಕಣ್ಣು ನೋಡು ಯಪ್ಪಾ’ ಎಂಬುದೊಂದು ಮಾತು ತಾನಾಗೇ ಬಾಯಿಂದ ಬಂತು. ಅತ್ತೆ ಬೀರದೇವರಿಗೆ ಅನ್ನುವ ಧಾಟಿಯಲ್ಲೇ ಬಂತು, ನೀನು ನಗಬೇಡ. ಎಂಟು ತಿಂಗಳಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಅತ್ತೆ ಈಗ ಕುಂಕುಮ ಹಚ್ಚುವುದಿಲ್ಲ, ಆದರೆ ಓದುವಾಗ ಬಂದು ಕೂರುತ್ತಾರೆ. ಕುರಿ ಸಾಕಿದವರಿಗೆ ಹಿಡಿಸಬಹುದೆಂದು ನಿನ್ನೆ ಸರದಿ ಬಿಟ್ಟು, ದೇವರೇ ನನ್ನ ಕುರುಬ ಎಂಬರ್ಥದ ಕೀರ್ತನೆ ಓದಿದೆ. ಅತ್ತೆ ಇನ್ನೊಮ್ಮೆ ಓದಿಸಿದರು. ‘ಇದು ಕುರಿ ಬರದದ್ದು ಬೇ, ಕುರುಬ ಬರದದ್ದಲ್ಲ. ಕುರಿಗೆ ಇಷ್ಟು ನಿಶ್ಚಿಂತಿ ಅನಸಬೇಕಂದ್ರ ಆ ಕುರುಬ ಎಷ್ಟು ನಿದ್ದಿ ಬಿಟ್ಟಿರಬೇಕು’ ಎಂದರು. ಇಷ್ಟು ವರ್ಷ ಅದನ್ನು ಬಾಯಿಪಾಠ ಮಾಡಿದರೂ ಕುರುಬನ ನಿದ್ದೆಯ ಬಗ್ಗೆ ನಾನು ಯೋಚಿಸಿರಲಿಲ್ಲ.

ಇಪ್ಪತ್ತಾರಕ್ಕೆ ಚಿಕ್ಕೋಡಿಯಲ್ಲಿ ಕಣ್ಣಿನ ಶಿಬಿರ ಇದೆ. ನಿನ್ನ ಹೆಸರು ಬರೆಸಿದ್ದೇನೆ. ರವಿವಾರ ನಾನೂ ಅತ್ತೆಯೂ ನಿಪ್ಪಾಣಿಗೆ ಬರುತ್ತೇವೆ. ‘ಒಲ್ಲೆ’ ಎಂದರೆ ಅತ್ತೆ ನಿನ್ನನ್ನು ಮರಿ ಹೊತ್ತ ಹಾಗೆ ಹೊತ್ತು ತರುತ್ತಾರಂತೆ.

ಸುಜಾತಾ


ನಿಪ್ಪಾಣಿ
20 ಮಾರ್ಚ್ 2024

ಮಗಳು ಸುಜಾತಾಳಿಗೆ ಚಿಗವ್ವನ ಸಲಾಮು.

ಅಕ್ಷರ ನೋಡು. ಸಾಲು ನೆಟ್ಟಗಿದೆ, ತಗಡಿನ ಹಂಗಿಲ್ಲ. ಒಂದು ಕಣ್ಣು ಬಂತು, ಇನ್ನೊಂದರ ಆಪರೇಶನ್ ಮಳೆಗಾಲದ ನಂತರವಂತೆ.

ನಿನ್ನ ಅತ್ತೆ ಇಲ್ಲಿ ಎಂಟು ದಿನ ಇದ್ದು ಗಡಿಯಾರ ನೋಡಿ ಔಷಧಿಯ ಹನಿ ಹಾಕಿದಳು. ಚಹಾಕ್ಕೆ ಸಕ್ಕರೆ ಎಷ್ಟು ಎಂಬುದಕ್ಕೆ ದಿನಾ ಜಗಳವಾಡಿದೆವು. ಬೆಳಿಗ್ಗೆ ಆಕೆ ತನ್ನ ದೇವರನ್ನು ನೆನೆದಳು, ನಾನು ನನ್ನ ಕರ್ತನನ್ನು. ಇಬ್ಬರಿಗೂ ನಿನ್ನದೇ ಚಿಂತೆ ಎಂದು ಆಮೇಲೆ ಚಹಾ ಕುಡಿಯುವಾಗ ಗೊತ್ತಾಯಿತು. ಆಕೆ ಹೋದ ಮೇಲೆ ಮನೆ ಬಣಗುಡುತ್ತಿದೆ.

ಮಹಿಳಾ ಕೂಟದಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ಪರೀಕ್ಷೆ ಸುಳ್ಳು, ಆರು ತಿಂಗಳು ನಾನು ಒಂದು ಅಕ್ಷರ ಓದಿಲ್ಲ ಎಂದೆ. ತಾರವ್ವ ತಲೆ ಎತ್ತದೆ, ‘ನಮಗ ಗೊತ್ತಿತ್ತ ಬಿಡಬೇ. ದಸರಾದಿಂದ ನೀ ಪುಸ್ತಕ ತಲಿಕೆಳಗ ಹಿಡೀತಿದ್ದಿ’ ಎಂದಳು. ಯಾರೂ ನಗಲಿಲ್ಲ. ಆಕೆ ದಿನಾ ನನ್ನ ಕಣ್ಣಿಗಾಗಿ ಒಂದು ಕಟ್ಟು ಬೀಡಿ ಮುಗಿಯುವ ತನಕ ಬೇಡಿಕೊಳ್ಳುತ್ತಿದ್ದಳಂತೆ. ನಾನು ಎಬ್ಬಿಸಿ ಮುಂದೆ ಕೂರಿಸಿದ್ದ ತಾರವ್ವ.

ಗೋಡೆಯ ಗೀರುಗಳನ್ನೆಲ್ಲ ತೊಳೆಸಿದೆ. ಪುಸ್ತಕವಿಲ್ಲದ ಆ ದಿನಗಳು ಬರೀ ಖಾಲಿ ಎಂದುಕೊಂಡಿದ್ದೆ. ಏನೂ ಬರದಿದ್ದರೂ ದಿನಾ ಅದೇ ಹೊತ್ತಿಗೆ ಹೋಗಿ ಕೂತೆನಲ್ಲ, ಕರ್ತನು ಅದನ್ನೂ ಪ್ರಾರ್ಥನೆಯೆಂದೇ ತೆಗೆದುಕೊಂಡಿರಬೇಕು ಎಂದು ಈಗ ನಂಬುತ್ತೇನೆ.

ನಿನ್ನೆ ಡಾಕ್ಟರು ಕನ್ನಡಕ ಕೊಟ್ಟು, ಓದಬಹುದು ಎಂದರು. ಇವತ್ತು ಐದೂವರೆಗೆ ಒಂದನೆಯ ಕೀರ್ತನೆ ತೆಗೆದೆ. ಎರಡು ಸಾಲು ಓದುವಷ್ಟರಲ್ಲಿ ಕಣ್ಣು ತುಂಬಿ ಬಂತು. ಒಂದು ತಿಂಗಳು ಕಣ್ಣಿಗೆ ನೀರು ತಾಕಬಾರದು ಎಂದು ಹೇಳಿದ್ದಾರಲ್ಲ, ಹೆದರಿ ಮುಚ್ಚಿಟ್ಟೆ. ನಾಳೆ ಮತ್ತೆ ಎರಡು ಸಾಲು ಓದುತ್ತೇನೆ.

ನೀನು ಈಗ ಎಷ್ಟನೆಯದರಲ್ಲಿ ಇದ್ದೀಯೋ ತಿಳಿಯದು, ನನಗಿಂತ ಬಹಳ ಮುಂದೆ ಇರುತ್ತೀ. ಸ್ವಲ್ಪ ಹಿಂದಕ್ಕೆ ಬಾ ಮಗಳೇ. ಒಂದನೆಯ ಕೀರ್ತನೆಯ ಮೂರನೆಯ ಸಾಲಿನಲ್ಲಿ ನಿಂತಿರು. ನಾನು ಬರುತ್ತೇನೆ.

ಮಾರ್ಥವ್ವ